ಹೆಬ್ಬೇವಿಗೆ ಮಹಾಗನಿಯ ನಂಟು ಉಂಟು, ಬೆಲೆಯ ನಂಟು ಇಲ್ಲ

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಕಡೂರು ತಾಲ್ಲೂಕಿನಲ್ಲಿ ನಮಗೆ ನಾಲ್ಕು ಎಕರೆ ಕೆಂಪು ಮಣ್ಣಿನ ಹೊಲವಿದೆ. ಕೊಳವೆಬಾವಿಯಲ್ಲಿ ಒಂದೂವರೆ ಇಂಚು ನೀರು, ಏಪ್ರಿಲ್ ಬಂದರೆ ಅದೂ ಕೈಕೊಡುತ್ತದೆ. ತಂದೆಗೆ 68 ವರ್ಷ, ರಾಗಿ ಕೆಲಸಕ್ಕೆ ಆಳು ಸಿಗುವುದಿಲ್ಲ. ಈಚೆಗೆ ಸಸಿ ಮಾರುವ ಏಜೆಂಟರೊಬ್ಬರು ಮನೆಗೆ ಬಂದು, ನಾಲ್ಕೂ ಎಕರೆಗೆ ಹತ್ತಡಿಗೊಂದರಂತೆ ಟಿಶ್ಯೂ ಕಲ್ಚರ್ ಹೆಬ್ಬೇವು ಹಾಕಿಸಿ ಎಂದರು. ಸಸಿಗೆ 80 ರೂಪಾಯಿ. ‘ಇದು ಮಹಾಗನಿ ಜಾತಿಗೆ ಸೇರಿದ್ದು, ಬೆಲೆಯೂ ಹಾಗೆಯೇ. ಬೇವಾದ್ದರಿಂದ ಗೆದ್ದಲು ಮುಟ್ಟುವುದಿಲ್ಲ. ನೆಟ್ಟು ಮರೆತುಬಿಡಿ, ಆರನೆಯ ವರ್ಷಕ್ಕೆ ಮರಕ್ಕೆ 20 ಘನ ಅಡಿ. ನಾವೇ ಕೊಳ್ಳುತ್ತೇವೆ, ಕರಾರು ಬರೆದುಕೊಡುತ್ತೇವೆ’ ಎನ್ನುತ್ತಾರೆ. ತಂದೆ ಒಪ್ಪಿಯಾಗಿದೆ. ತಾಯಿಗೆ ಬೇರೆ ಭಯ: ಬೇವಿನಂಥ ಮರವೊಂದರ ಹಣ್ಣು ತಿಂದು ಹಂದಿ ಸತ್ತದ್ದನ್ನು ಅವರು ಚಿಕ್ಕಂದಿನಲ್ಲಿ ನೋಡಿದ್ದಾರಂತೆ, ನಮ್ಮ ಮನೆಯಲ್ಲಿ ಆಡುಗಳಿವೆ. ಏನು ಮಾಡುವುದು? ಕೊನೆಗೆ ಆ ಮರದಿಂದ ನಮ್ಮ ಮನೆಯ ಬಾಗಿಲನ್ನಾದರೂ ಮಾಡಿಸಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಮರದ ಪ್ರಶ್ನೆಗಿಂತ ದೊಡ್ಡದೊಂದು ಪ್ರಶ್ನೆ ಅಡಗಿದೆ. ನೋಡಿಕೊಳ್ಳುವವರಿಲ್ಲದ ಹೊಲಕ್ಕೆ ನೋಡಿಕೊಳ್ಳುವುದೇ ಬೇಡದ ಬೆಳೆ ಇದೆಯೇ ಎಂದು ನೀವು ಕೇಳುತ್ತಿದ್ದೀರಿ. ಹೆಬ್ಬೇವು ಆ ಬೆಳೆಯಲ್ಲ. ಹಾಗೆಂದು ಕೆಟ್ಟ ಮರವೂ ಅಲ್ಲ. ಸಸಿ ಬೆಳೆಸುವುದರಲ್ಲಿ, ರೈತರ ಹೊಲಗಳಲ್ಲಿ ಮರ ಅಳೆಯುವುದರಲ್ಲಿ ನನ್ನ ಬಹುಪಾಲು ವೃತ್ತಿಜೀವನ ಕಳೆದಿದೆ. ಹೆಬ್ಬೇವಿನಿಂದ ಮಗಳ ಮದುವೆ ಮಾಡಿದವರನ್ನು ನೋಡಿದ್ದೇನೆ, ಎಂಟು ವರ್ಷದ ತೋಪನ್ನು ಸೌದೆ ಲೆಕ್ಕದಲ್ಲಿ ಕೊಟ್ಟು ಕೈತೊಳೆದುಕೊಂಡವರನ್ನೂ ನೋಡಿದ್ದೇನೆ. ಇಬ್ಬರು ಹಾಕಿದ್ದೂ ಅದೇ ಮರ.

ಮೊದಲು ಆ ಮಹಾಗನಿಯ ಮಾತು. ಏಜೆಂಟರು ಸುಳ್ಳು ಹೇಳಿಲ್ಲ, ನಿಜವನ್ನು ಬೇಕಾದಷ್ಟೇ ಹೇಳಿದ್ದಾರೆ. ಹೆಬ್ಬೇವು ‘ಮೀಲಿಯಾ’ ಎಂಬ ಕುಲದ ಮರ. ಈ ಕುಲದ ಹೆಸರೇ ಇಡೀ ಕುಟುಂಬಕ್ಕೂ ಬಂದಿದೆ: ಮೀಲಿಯೇಸಿ. ಮಹಾಗನಿ ಈ ಕುಟುಂಬದ್ದೇ, ನಮ್ಮ ಮನೆಯಂಗಳದ ಬೇವು, ಮಲೆನಾಡಿನ ಗಂಧಗರಿಗೆ ಕೂಡ ಇದರವೇ. ಒಂದೇ ಕುಟುಂಬ ಎಂದ ಮಾತ್ರಕ್ಕೆ ಕಟ್ಟಿಗೆ ಒಂದೇ ಆಗುವುದಿಲ್ಲ. ಟೊಮೆಟೊ, ಆಲೂಗಡ್ಡೆ, ಹೊಗೆಸೊಪ್ಪು ಮೂರೂ ಒಂದೇ ಕುಟುಂಬದವು. ಹಾಗೆಂದು ಯಾರೂ ಹೊಗೆಸೊಪ್ಪಿನ ಸಾರು ಮಾಡುವುದಿಲ್ಲ. ಮಹಾಗನಿ ನಿಧಾನವಾಗಿ ಬೆಳೆದು, ಹತ್ತಾರು ವರ್ಷ ಕಾದ ಮೇಲೆ ಕೆಂಪು ಚೇಗು, ಅಂದರೆ ಗಟ್ಟಿಯಾದ ಒಳಮರ, ಕಟ್ಟುವ ಪೀಠೋಪಕರಣದ ಮರ. ಹೆಬ್ಬೇವು ಅವಸರದ ಮರ. ಕಟ್ಟಿಗೆ ಹಗುರ, ಮೃದು, ಬಣ್ಣ ತಿಳಿ. ಒಂದರ ಬೆಲೆಯನ್ನು ಇನ್ನೊಂದಕ್ಕೆ ಹಚ್ಚುವುದು ವ್ಯಾಪಾರದ ಜಾಣತನ.

ಬೇವಿನ ಜೊತೆಗಿನ ಗೊಂದಲ ಇನ್ನೂ ಹಳೆಯದು. ನಮ್ಮ ಬೇವಿಗೆ ಲಿನೀಯಸ್ 1753ರಲ್ಲಿ ಇಟ್ಟ ಹೆಸರೇ ‘ಮೀಲಿಯಾ ಅಜಾಡಿರಾಕ್ಟಾ’. 1830ರಲ್ಲಿ ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಆಡ್ರಿಯನ್ ದ ಜ್ಯೂಸಿಯೂ ಅದನ್ನು ಮೀಲಿಯಾದಿಂದ ಬೇರ್ಪಡಿಸಿ ‘ಅಜಾಡಿರಾಕ್ಟಾ’ ಎಂಬ ಪ್ರತ್ಯೇಕ ಕುಲ ಮಾಡಿದ. ಪುಸ್ತಕದಲ್ಲಿ ಮನೆ ಬೇರೆಯಾದರೂ ಜನರ ಬಾಯಲ್ಲಿ ಇವೆಲ್ಲ ಬೇವೇ. ದೊಡ್ಡದು ಹೆಬ್ಬೇವು, ರಸ್ತೆಬದಿಯಲ್ಲಿ ನೇರಳೆ ಹೂಗೊಂಚಲು ಬಿಡುವುದು ಹುಚ್ಚುಬೇವು. ಗುರುತು ಹಿಡಿಯುವುದು ಸುಲಭ. ಬೇವಿನ ಕಡ್ಡಿಯ ಎರಡೂ ಬದಿಗೆ ಗರಗಸದಂಥ ಕಿರುಎಲೆಗಳು ನೇರವಾಗಿ ಕೂತಿರುತ್ತವೆ. ಮೀಲಿಯಾದಲ್ಲಿ ಆ ಕಡ್ಡಿಯೇ ಕವಲೊಡೆದು, ಕವಲಿನ ಮೇಲೆ ಕಿರುಎಲೆ ಬರುತ್ತದೆ. ಇನ್ನು ಹೆಬ್ಬೇವು ಮತ್ತು ಹುಚ್ಚುಬೇವಿನ ನಡುವೆ: ಹುಚ್ಚುಬೇವಿನ ಹೂ ನೇರಳೆ, ಹಣ್ಣು ಗೋಲಿಗಿಂತ ಚಿಕ್ಕದು. ಹೆಬ್ಬೇವಿನ ಹೂ ಹಸಿರು ಬೆರೆತ ಬಿಳಿ, ಹಣ್ಣು ಅದರ ಎರಡರಷ್ಟು ದೊಡ್ಡದು. ತೊಂದರೆಯೆಂದರೆ ನೀವು ಕೊಳ್ಳುವುದು ಒಂದೂವರೆ ಅಡಿಯ ಸಸಿಯನ್ನು. ಅದಕ್ಕೆ ಹೂವೂ ಇಲ್ಲ, ಹಣ್ಣೂ ಇಲ್ಲ. ಸಸಿಯಲ್ಲಿ ಇವೆರಡನ್ನು ಬೇರ್ಪಡಿಸಲು ಪಳಗಿದ ಕಣ್ಣೂ ತಡವರಿಸುತ್ತದೆ. ಹೆಬ್ಬೇವೆಂದು ಹುಚ್ಚುಬೇವು ಬಂದರೆ ಮರ ಬೇಗನೆ ಕವಲೊಡೆದು ಗಿಡ್ಡಗಾಗಿ ಹರಡುತ್ತದೆ, ಮಿಲ್ಲಿನವರು ಕೇಳುವ ನೀಳ ದಿಮ್ಮಿ ಸಿಗುವುದಿಲ್ಲ. ಆದ್ದರಿಂದ ಸಸಿಗಿಂತ ಮೊದಲು ತಾಯಿಮರ ಎಲ್ಲಿದೆ ಎಂದು ಕೇಳಿ.

ನಿಮ್ಮ ತಾಯಿಯ ನೆನಪು ಸರಿಯಾಗಿಯೇ ಇರಬೇಕು. ಹುಚ್ಚುಬೇವಿನ ಹಣ್ಣಿನಲ್ಲಿ ಮೀಲಿಯಾಟಾಕ್ಸಿನ್ ಎಂಬ ನಂಜುಗಳಿವೆ, ಅವಕ್ಕೆ ಹಂದಿ ಬಹುಬೇಗ ಬಲಿಯಾಗುತ್ತದೆ. ಮಕ್ಕಳೂ ತಿನ್ನಬಾರದು. ಹಕ್ಕಿಗಳು ಮಾತ್ರ ಅದೇ ಹಣ್ಣನ್ನು ತಿಂದು ಹಾಯಾಗಿರುತ್ತವೆ. ಹೆಬ್ಬೇವಿನ ಕಥೆ ಬೇರೆ. ಅದರ ಹಣ್ಣಿನ ತಿರುಳನ್ನು ಆಡು, ಜಿಂಕೆ ತಿಂದು, ಮೆಲುಕು ಹಾಕುವಾಗ ಓಟೆಯನ್ನು ಉಗುಳುತ್ತವೆ. ಹಾಗೆ ಉಗುಳಿದ ಓಟೆಯೇ ಚೆನ್ನಾಗಿ ಮೊಳೆಯುತ್ತದೆ. ಹೆಬ್ಬೇವಿನ ಓಟೆ ಕಲ್ಲಿನಂಥದು, ಸುಮ್ಮನೆ ಮಡಿಯಲ್ಲಿ ಬಿತ್ತಿದರೆ ಹೆಚ್ಚಿನವು ಮಲಗಿಯೇ ಇರುತ್ತವೆ. ಆದ್ದರಿಂದ ನರ್ಸರಿಯವರು ಅದನ್ನು ಸಗಣಿ ಬಗ್ಗಡದಲ್ಲಿ ನೆನೆಹಾಕುತ್ತಾರೆ, ಇಲ್ಲವೇ ಆಡಿನ ಕೊಟ್ಟಿಗೆಯಿಂದ ಆರಿಸಿ ತರುತ್ತಾರೆ. ನಾನು ಕೆಲಸ ಕಲಿತ ನರ್ಸರಿಯಲ್ಲಿ ಸುಗ್ಗಿ ಮುಗಿಯುತ್ತಲೇ ಆಡು ಸಾಕಿದ ಮುದುಕಿಯೊಬ್ಬರು ಚೀಲದಲ್ಲಿ ಓಟೆ ತಂದು ಸೇರಿನ ಲೆಕ್ಕದಲ್ಲಿ ಮಾರುತ್ತಿದ್ದರು. ನಮ್ಮ ಯಾವ ಉಪಚಾರಕ್ಕೂ ಅವರ ಆಡುಗಳಷ್ಟು ಮೊಳಕೆ ಬರುತ್ತಿರಲಿಲ್ಲ. ಹಾಗಾಗಿ ಹಣ್ಣಿಗೆ ಹೆದರಬೇಡಿ. ಆಡು ಎಳೆಯ ಸಸಿಯ ಸುಳಿ ಕಡಿಯುವುದಕ್ಕೆ ಹೆದರಿ. ಸುಳಿ ಹೋದರೆ ಅಲ್ಲಿ ಎರಡು ಕವಲು ಹೊರಡುತ್ತವೆ, ನೇರ ದಿಮ್ಮಿಯ ಆಸೆ ಅಲ್ಲಿಗೆ ಮುಗಿಯುತ್ತದೆ. ಮೊದಲ ಎರಡು ವರ್ಷ ಬೇಲಿ ಬೇಕೇ ಬೇಕು.

ಇನ್ನು ಗೆದ್ದಲು. ಬೇವಿನ ಬೀಜದಲ್ಲಿರುವ ಅಜಾಡಿರಾಕ್ಟಿನ್ ಕೀಟಗಳನ್ನು ಹೆದರಿಸುತ್ತದೆ ಎಂಬುದು ನಿಜ. ಮೀಲಿಯಾ ಕುಲದಲ್ಲೂ ಕಹಿಯಾದ, ಕೀಟಕ್ಕೆ ಒಗ್ಗದ ರಾಸಾಯನಿಕಗಳುಂಟು. ಚೀನಾದಲ್ಲಿ ಇದೇ ಕುಲದ ಮರದ ತೊಗಟೆಯಿಂದ ಟೂಸೆಂಡಾನಿನ್ ಎಂಬ ವಸ್ತು ತೆಗೆದು ಜಂತುಹುಳುವಿಗೂ ಬೆಳೆಯ ಕೀಟಕ್ಕೂ ಬಳಸಿದ್ದಾರೆ. ಆದರೆ ಎಲೆ, ಬೀಜ, ತೊಗಟೆಯಲ್ಲಿ ಇರುವುದೆಲ್ಲ ಕಟ್ಟಿಗೆಯಲ್ಲಿ ಇರಬೇಕೆಂದಿಲ್ಲ. ಕೆಂಪು ಮಣ್ಣಿನಲ್ಲಿ ನೆಟ್ಟ ಮೊದಲ ಬೇಸಿಗೆಯಲ್ಲಿ, ಬಾಡಿದ ಹೆಬ್ಬೇವಿನ ಸಸಿಯ ಬುಡವನ್ನು ಗೆದ್ದಲು ತಿಂದದ್ದನ್ನು ಬೇಕಾದಷ್ಟು ಕಂಡಿದ್ದೇನೆ. ಕಡಿದ ಮರಕ್ಕೂ ಬಾಳಿಕೆ ಕಡಿಮೆ. ಉಪಚಾರ ಮಾಡದೆ ಮಳೆಬಿಸಿಲಿಗೆ ಬಿಟ್ಟರೆ ಹೆಚ್ಚು ದಿನ ನಿಲ್ಲುವುದಿಲ್ಲ. ಗೆದ್ದಲು ಮುಟ್ಟದ ಮೀಲಿಯಾ ಒಂದಿದೆ, ನಿಜ. ಕೀನ್ಯಾದ ಒಣಸೀಮೆಯ ಮೀಲಿಯಾ ವೋಲ್ಕೆನ್ಸಿಯೈ ಗಟ್ಟಿ ಕಟ್ಟಿಗೆಯ ಮರ, ಅಲ್ಲಿನವರು ಅದನ್ನು ಮಹಾಗನಿಗೆ ಹೋಲಿಸುವುದೂ ಉಂಟು. ಅದರ ಗುಣಗಳನ್ನು ತಂದು ನಮ್ಮ ಹೆಬ್ಬೇವಿಗೆ ಅಂಟಿಸಿದ ವಿಡಿಯೊಗಳು ಮೊಬೈಲಿನಲ್ಲಿ ಓಡಾಡುತ್ತಿವೆ. ಏಜೆಂಟರೂ ಅದನ್ನೇ ನೋಡಿರಬಹುದು.

ಹಾಗಾದರೆ ಹೆಬ್ಬೇವಿಗೆ ಇಷ್ಟೊಂದು ಬೇಡಿಕೆ ಬಂದದ್ದು ಹೇಗೆ? 1988ರ ರಾಷ್ಟ್ರೀಯ ಅರಣ್ಯ ನೀತಿಯು ಕಾರ್ಖಾನೆಗಳು ತಮ್ಮ ಕಚ್ಚಾ ಮರವನ್ನು ಆದಷ್ಟು ರೈತರಿಂದಲೇ ಪಡೆಯಬೇಕೆಂದಿತು. 1996ರ ಡಿಸೆಂಬರಿನಲ್ಲಿ ಗೋದವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾಡಿನ ಕಡಿತಕ್ಕೆ ಬಿಗಿಯಾದ ಕಡಿವಾಣ ಹಾಕಿತು. ಕಾಡಿನ ದಪ್ಪ ದಿಮ್ಮಿಯನ್ನು ನಂಬಿದ್ದ ಪ್ಲೈವುಡ್ ಮಿಲ್ಲುಗಳು ಹೊಲದ ಮರದತ್ತ ತಿರುಗಿದವು. ಉತ್ತರದಲ್ಲಿ ಹರಿಯಾಣದ ಯಮುನಾನಗರದ ಮಿಲ್ಲುಗಳಿಗೆ ಪಾಪ್ಲರ್ ಮರ ಸಿಕ್ಕಿತು. ದಕ್ಷಿಣದಲ್ಲಿ ಕೇರಳದ ಪೆರುಂಬಾವೂರಿನ ಮಿಲ್ಲುಗಳಿಗೆ ಮೊದಲು ರಬ್ಬರ್ ಮರ, ಆಮೇಲೆ ಇಂಥ ಬೇಗ ಬೆಳೆಯುವ ಮರಗಳು. 2017ರಲ್ಲಿ ನಮ್ಮ ರಾಜ್ಯ ನೀಲಗಿರಿ ನೆಡುವುದನ್ನು ನಿಷೇಧಿಸಿದ ಮೇಲೆ ಬಯಲುಸೀಮೆಯ ರೈತರಿಗೂ ಬದಲಿ ಬೇಕಾಯಿತು. ಹೆಬ್ಬೇವು ನೆಟ್ಟಗೆ ಬೆಳೆಯುತ್ತದೆ, ಲೇತಿಗೆ ಏರಿಸಿ ಪೆನ್ಸಿಲ್ ಕೆತ್ತಿದಂತೆ ಸುತ್ತಿಸಿದರೆ ಪ್ಲೈವುಡ್ಡಿಗೆ ಬೇಕಾದ ತೆಳುಹಾಳೆ ಸಲೀಸಾಗಿ ಬಿಡುತ್ತದೆ. ಇದೇ ಇದರ ನಿಜವಾದ ಕಸುಬು. ಅದರಾಚೆಗೆ ಬೆಂಕಿಕಡ್ಡಿ, ಪ್ಯಾಕಿಂಗ್ ಪೆಟ್ಟಿಗೆ, ಕಾಗದದ ತಿರುಳು, ಹಳೆಯ ಮನೆಗಳ ಅಟ್ಟದ ಹಲಗೆ. ನಿಮ್ಮ ಬಾಗಿಲಿನ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಹೊರಬಾಗಿಲು, ಚೌಕಟ್ಟು ಬೇಡ. ಚೆನ್ನಾಗಿ ಒಣಗಿಸಿ, ಔಷಧೋಪಚಾರ ಮಾಡಿಸಿ ಕಪಾಟಿನ ಹಲಗೆ, ಮಂಚದ ಒಳಪಟ್ಟಿ ಮಾಡಿಸಬಹುದು.

ಈಗ ಲೆಕ್ಕಕ್ಕೆ ಬರೋಣ. ಏಜೆಂಟರ ಮಾತು ನಿಲ್ಲುವುದೋ ಬೀಳುವುದೋ ಇಲ್ಲೇ.

ದಿಮ್ಮಿಯನ್ನು ಅಳೆಯುವ ನಮ್ಮ ರೂಢಿ ಹೀಗೆ: ನಡುಭಾಗದ ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುವುದು. 20 ಅಡಿ ಉದ್ದದ ದಿಮ್ಮಿಯ ನಡು ಸುತ್ತಳತೆ 24 ಅಂಗುಲ ಇದ್ದರೆ ಸಿಗುವುದು 5 ಘನ ಅಡಿ. 36 ಅಂಗುಲ ಇದ್ದರೆ 11 ಕಾಲು ಘನ ಅಡಿ. ಸುತ್ತಳತೆ ಒಂದೂವರೆ ಪಟ್ಟಾದರೆ ಮರ ಎರಡೂಕಾಲು ಪಟ್ಟು. ಏಜೆಂಟರು ಹೇಳಿದ 20 ಘನ ಅಡಿ ಬರಬೇಕಾದರೆ ನೆಲದಿಂದ ಹತ್ತಡಿ ಎತ್ತರದಲ್ಲಿ 48 ಅಂಗುಲ, ಅಂದರೆ ನಾಲ್ಕು ಅಡಿ ಸುತ್ತಳತೆ ಇರಬೇಕು. ಹತ್ತಡಿಗೊಂದು ಗಿಡ ಹಾಕಿದ ಒಣಹೊಲದಲ್ಲಿ, ಆರು ವರ್ಷದಲ್ಲಿ, ಸಾಲು ಸಾಲಾಗಿ ಎಲ್ಲ ಮರಕ್ಕೂ ಆ ದಪ್ಪ ಬಂದದ್ದನ್ನು ನಾನು ನೋಡಿಲ್ಲ. ಕಾಲುವೆ ಅಂಚಿನಲ್ಲಿ, ಕಾಫಿ ತೋಟದ ಬೇಲಿಯಲ್ಲಿ ಒಂಟಿಯಾಗಿ ನಿಂತ ಮರ ಹಾಗೆ ದಪ್ಪಗಾಗುವುದುಂಟು. ಪ್ರಚಾರದ ಫೋಟೊಗಳಲ್ಲಿ ಮನುಷ್ಯ ತಬ್ಬಿ ನಿಂತಿರುವುದು ಅಂಥ ಮರಗಳನ್ನು.

ಒಂದು ಎಕರೆಗೆ ಹತ್ತಡಿ ಅಂತರದಲ್ಲಿ 435 ಗಿಡ ಹಿಡಿಯುತ್ತವೆ. ಒತ್ತೊತ್ತಾಗಿ ನಿಂತು 24 ಅಂಗುಲಕ್ಕೆ ನಿಂತರೆ ಒಟ್ಟು 2,175 ಘನ ಅಡಿ. 15 ಅಡಿ ಅಂತರದಲ್ಲಿ ಹಿಡಿಯುವುದು 193 ಗಿಡ ಮಾತ್ರ. ಅವು 36 ಅಂಗುಲ ತಲುಪಿದರೆ ಒಟ್ಟು 2,171 ಘನ ಅಡಿ. ಮರ ಅಷ್ಟೇ, ಗಿಡ ಅರ್ಧಕ್ಕಿಂತ ಕಡಿಮೆ. ಗುಂಡಿ, ಸಸಿ, ಡ್ರಿಪ್ಪು, ಕಡಿತದ ಕೂಲಿ ಎಲ್ಲವೂ ಅರ್ಧ. ಮೇಲಾಗಿ ಮಿಲ್ಲಿನವರು ದಪ್ಪ ದಿಮ್ಮಿಗೆ ಒಂದು ದರ, ಸಣ್ಣದಕ್ಕೆ ಇನ್ನೊಂದು ದರ ಕೊಡುತ್ತಾರೆ. ತೀರಾ ಸಣ್ಣದು ಸೌದೆಯ ಲಾರಿ ಹತ್ತುತ್ತದೆ. ಹತ್ತಡಿ ಅಂತರದಿಂದ ಲಾಭವಾಗುವುದು ಸಸಿ ಮಾರುವವರಿಗೆ: ನಿಮ್ಮ ನಾಲ್ಕು ಎಕರೆಗೆ 1,740 ಸಸಿ, ಹತ್ತಿರ ಹತ್ತಿರ 1 ಲಕ್ಷ 40 ಸಾವಿರ ರೂಪಾಯಿ, ಮೊದಲ ದಿನವೇ.

ನೀರಿನ ಲೆಕ್ಕವೂ ಇದೆ. ಹೆಬ್ಬೇವು ಪಶ್ಚಿಮ ಘಟ್ಟದ ತೇವದ ಎಲೆಯುದುರು ಕಾಡಿನ ಮರ, ವರ್ಷಕ್ಕೆ 1,000 ಮಿಲಿಮೀಟರಿನ ಮೇಲೆ ಮಳೆ ಬೀಳುವ ಜಾಗ ಅದಕ್ಕೆ ಒಗ್ಗಿದ್ದು. ಕಡೂರಿನಲ್ಲಿ ಬೀಳುವುದು ಅದರ ಮುಕ್ಕಾಲು ಭಾಗವೂ ಇಲ್ಲ. ಬದುಕುವುದಿಲ್ಲ ಎಂದಲ್ಲ, ಬದುಕುತ್ತದೆ. ಚಳಿಗಾಲದಲ್ಲಿ ಎಲೆ ಉದುರಿಸಿ ಸುಮ್ಮನಾಗುತ್ತದೆ, ನೀರಿಲ್ಲದಿದ್ದರೆ ಚಿಗುರಲು ಅವಸರ ಮಾಡುವುದಿಲ್ಲ. ಆದರೆ ಬದುಕುವುದಕ್ಕೂ ದಪ್ಪಗಾಗುವುದಕ್ಕೂ ಅಂತರವಿದೆ. ಗಿಡವೊಂದಕ್ಕೆ ಒಮ್ಮೆಗೆ 20 ಲೀಟರ್ ಎಂದಿಟ್ಟುಕೊಂಡರೂ 1,740 ಗಿಡಕ್ಕೆ ಸುಮಾರು 35 ಸಾವಿರ ಲೀಟರ್. ಏಪ್ರಿಲ್ಲಿನಲ್ಲಿ ಕೈಕೊಡುವ ನಿಮ್ಮ ಕೊಳವೆಬಾವಿಗೆ ಆ ಹೊರೆ ಹೊರಿಸಬೇಡಿ. ಇನ್ನೊಂದು ಮಾತು. ನೀರು ನಿಲ್ಲುವ ತಗ್ಗಿನಲ್ಲಿ ಇದನ್ನು ಹಾಕಬಾರದು, ಬೇರು ಕೊಳೆಯುತ್ತದೆ.

‘ನೆಟ್ಟು ಮರೆತುಬಿಡಿ’ ಎಂಬ ಮಾತೇ ಎಲ್ಲಕ್ಕಿಂತ ದುಬಾರಿ. ಮೊದಲ ಮೂರು ವರ್ಷ ಪಕ್ಕದ ಕೊಂಬೆಗಳನ್ನು ಹಸಿರಾಗಿದ್ದಾಗಲೇ, ಕಾಂಡಕ್ಕೆ ಒತ್ತಿ ಸವರಬೇಕು. ಬಿಟ್ಟರೆ ಕೊಂಬೆ ಒಳಗೇ ಗಂಟಾಗಿ ಕೂರುತ್ತದೆ, ಗಂಟಿದ್ದಲ್ಲಿ ಹಾಳೆ ಹರಿಯುತ್ತದೆ. ಒಮ್ಮೆಗೇ ತುದಿಯವರೆಗೆ ಬೋಳಿಸಿದರೆ ಇನ್ನೊಂದು ತೊಂದರೆ: ಕಾಂಡ ಸಣಕಲಾಗಿ, ಆಷಾಢದ ಗಾಳಿಗೆ ಬಾಗಿ ನಿಲ್ಲುತ್ತದೆ. ಮೂರನೆಯ, ನಾಲ್ಕನೆಯ ವರ್ಷ ಒತ್ತಾದ ಕಡೆ ಸೊಟ್ಟ ಮರ, ಸೊರಗಿದ ಮರ ಕಡಿದು ಉಳಿದವಕ್ಕೆ ಜಾಗ ಬಿಡಬೇಕು. ರೈತರ ಕೈ ನಡುಗುವುದು ಇಲ್ಲಿಯೇ. ಮಕ್ಕಳಂತೆ ಸಾಕಿದ ಮರವನ್ನು ಅರ್ಧ ವಯಸ್ಸಿನಲ್ಲಿ ಕಡಿಯಿರಿ ಎಂದರೆ ನನ್ನನ್ನೇ ದುರುಗುಟ್ಟಿ ನೋಡಿದವರಿದ್ದಾರೆ. ಸೌದೆ ಲೆಕ್ಕದಲ್ಲಿ ಮಾರಿದರೆಂದು ಮೊದಲು ಹೇಳಿದೆನಲ್ಲ, ಅವರೂ ಹೀಗೆಯೇ ಒಂದು ಗಿಡವನ್ನೂ ತೆಗೆಯಲು ಒಪ್ಪಿರಲಿಲ್ಲ.

ಟಿಶ್ಯೂ ಕಲ್ಚರ್ ಎಂಬ ಹೆಸರಿಗೆ ಮರುಳಾಗಬೇಡಿ. ಅದು ನಕಲು ಮಾಡುವ ವಿಧಾನ, ಗುಣದ ಮುದ್ರೆಯಲ್ಲ. ಮೂಲ ಮರ ಚೆನ್ನಾಗಿದ್ದರೆ ನಕಲೂ ಚೆನ್ನ. ಯಾವ ಮರದ ನಕಲು, ಅದು ಎಲ್ಲಿ ನಿಂತಿದೆ, ನಮ್ಮಂಥ ಮಳೆಯಲ್ಲಿ ಎಷ್ಟು ವರ್ಷಕ್ಕೆ ಎಷ್ಟು ದಪ್ಪವಾಗಿದೆ ಎಂದು ಕೇಳಿ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆ ಈ ಮರದ ಆಯ್ದ ತಳಿಗಳನ್ನು ಬಿಡುಗಡೆ ಮಾಡಿದೆ, ತಮಿಳುನಾಡಿನ ಮೆಟ್ಟುಪಾಳ್ಯದ ಅರಣ್ಯ ಕಾಲೇಜಿನಲ್ಲೂ ಕೆಲಸ ನಡೆದಿದೆ. ನಿಮಗೆ ಹತ್ತಿರದಲ್ಲಿ ಬೆಂಗಳೂರಿನ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ, ಒಂದು ದಿನ ರಜೆ ಹಾಕಿ ಹೋಗಿಬನ್ನಿ. ಅರಣ್ಯ ಇಲಾಖೆಯ ನರ್ಸರಿಯಲ್ಲೂ ಹೆಬ್ಬೇವಿನ ಸಸಿ ಸಿಗುತ್ತದೆ. ಅದರ ಬೆಲೆ ಕೇಳಿದ ಮೇಲೆ 80 ರೂಪಾಯಿ ಎಷ್ಟು ಎಂಬುದು ನಿಮಗೇ ತಿಳಿಯುತ್ತದೆ.

ಕರಾರಿನ ವಿಷಯದಲ್ಲಿ ಸ್ವಲ್ಪ ಕಠಿಣವಾಗಿಯೇ ಹೇಳುತ್ತೇನೆ. 1990ರ ದಶಕದಲ್ಲಿ ತೇಗದ ಗಿಡ ತೋರಿಸಿ ಹಣ ಎತ್ತಿದ ಕಂಪನಿಗಳನ್ನು ನಿಮ್ಮ ತಂದೆ ಮರೆತಿರಲಾರರು. ಅಂಥ ಯೋಜನೆಗಳಿಗೆ ಮೂಗುದಾರ ಹಾಕಲೆಂದೇ ಷೇರು ಮಾರುಕಟ್ಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿ 1999ರಲ್ಲಿ ನಿಯಮ ತಂದಿತು. ನಿಮಗೆ ಬರೆದುಕೊಡುವ ಕರಾರಿನಲ್ಲಿ ‘ಅಂದಿನ ಮಾರುಕಟ್ಟೆ ದರಕ್ಕೆ ಕೊಳ್ಳಲಾಗುವುದು’ ಎಂದಿದ್ದರೆ ಅದು ಕರಾರೇ ಅಲ್ಲ. ಅಂದಿನ ದರಕ್ಕೆ ಯಾರು ಬೇಕಾದರೂ ಕೊಳ್ಳುತ್ತಾರೆ. ಕನಿಷ್ಠ ದರ, ಒಪ್ಪುವ ಕನಿಷ್ಠ ಸುತ್ತಳತೆ, ಕಡಿಯುವ ಮತ್ತು ಸಾಗಿಸುವ ಖರ್ಚು ಯಾರದು, ಕೊಳ್ಳದಿದ್ದರೆ ಏನು, ಈ ನಾಲ್ಕೂ ಬರಹದಲ್ಲಿರಬೇಕು. ಸಸಿ ಮಾರುವವರಿಗೆ ಸ್ವಂತ ಮಿಲ್ಲು ಇದೆಯೇ ಎಂದೂ ಕೇಳಿ. ಇಲ್ಲದಿದ್ದರೆ ಅವರು ಕೊಂಡು ಏನು ಮಾಡುತ್ತಾರೆ?

ದರ ಏಳುಬೀಳು ಎಂಬುದು ನಮ್ಮ ಕಡೆಯವರಿಗೆ ಹೊಸ ಪಾಠವಲ್ಲ. 2003ರ ಸುಮಾರಿಗೆ ವೆನಿಲ್ಲಾ ಕಾಯಿಗೆ ರಾತ್ರಿ ಕಾವಲು ಕೂತ ಮಲೆನಾಡು, ಮತ್ತೆರಡು ವರ್ಷಕ್ಕೆ ಬಳ್ಳಿ ಕಿತ್ತು ಗೊಬ್ಬರಗುಂಡಿಗೆ ಹಾಕಿತು. ಅದೇ ಹೊತ್ತಿಗೆ ಯಮುನಾನಗರದ ಸುತ್ತ ಪಾಪ್ಲರ್ ಅತಿಯಾಗಿ ದರ ಕುಸಿದಿತ್ತು. ಹೆಬ್ಬೇವಿಗೂ ಇದು ಬರಬಹುದು, ಏಕೆಂದರೆ ಈಗ ಎಲ್ಲರೂ ಒಟ್ಟಿಗೆ ನೆಡುತ್ತಿದ್ದಾರೆ. ಒಂದು ಸಮಾಧಾನವೆಂದರೆ ಮರ ಕೊಳೆಯುವ ಟೊಮೆಟೊ ಅಲ್ಲ. ದರ ಬಿದ್ದ ವರ್ಷ ಕಡಿಯದೆ ಬಿಟ್ಟರೆ ಇನ್ನಷ್ಟು ದಪ್ಪವಾಗುತ್ತದೆ. ಆದರೆ ಕಾಯುವ ಶಕ್ತಿ ಇರುವುದು ಇಡೀ ಹೊಲವನ್ನು ಅದಕ್ಕೇ ಒಪ್ಪಿಸದವರಿಗೆ. ಕಡಿದ ಮೇಲೆ ಮಾತ್ರ ಕಾಯುವಂತಿಲ್ಲ. ಹಾಳೆ ಬಿಡಿಸಲು ಹಸಿ ದಿಮ್ಮಿಯೇ ಬೇಕು, ಬಿಸಿಲಿಗೆ ತುದಿ ಸೀಳಿದರೆ ದರ ಇಳಿಯುತ್ತದೆ. ಲಾರಿ ಗೊತ್ತುಮಾಡಿದ ಮೇಲೆಯೇ ಗರಗಸ ಎತ್ತಿ.

ಹಾಗಾದರೆ ನಿಮ್ಮ ಹೊಲದಲ್ಲಿ ನಾನಾಗಿದ್ದರೆ ಏನು ಮಾಡುತ್ತಿದ್ದೆ? ನಾಲ್ಕು ಎಕರೆಗೂ ಹೆಬ್ಬೇವು ಹಾಕುತ್ತಿರಲಿಲ್ಲ. ಹೊಲ ಚೌಕವಾಗಿದ್ದರೆ ಸುತ್ತಲ ಬದು 1,670 ಅಡಿಯಷ್ಟಾಗುತ್ತದೆ. ಹತ್ತಡಿಗೊಂದರಂತೆ ಹಾಕಿದರೂ ನೂರರವತ್ತು ಮರ. ಒಂದೇ ಸಾಲಾದ್ದರಿಂದ ಅಲ್ಲಿ ಹತ್ತಡಿ ಸಾಕು, ಎರಡೂ ಕಡೆ ಬೆಳಕು ಸಿಗುತ್ತದೆ. ಬದುವಿನ ಮೇಲೆಯೇ ಹಾಕದೆ ನಿಮ್ಮ ಕಡೆಗೆ ಆರೇಳು ಅಡಿ ಸರಿಸಿ. ನೆರಳಿನ ಜಗಳ ಸರ್ವೆ ಜಗಳಕ್ಕಿಂತ ಕೆಟ್ಟದ್ದು. ಕೊಳವೆಬಾವಿಯ ಹತ್ತಿರ ಅರ್ಧ ಎಕರೆಗೆ 12 ಅಡಿ ಅಂತರದಲ್ಲಿ 150 ಗಿಡ, ಅದೂ ಡ್ರಿಪ್ಪಿನಲ್ಲಿ. ಅದರ ನಡುವೆ ಮೊದಲೆರಡು ವರ್ಷ ಹುರುಳಿ, ಅಲಸಂದೆ ತೆಗೆಯಬಹುದು. ಉಳಿದ ಹೊಲದ ಒಣ ಭಾಗಕ್ಕೆ ಹುಣಸೆ, ಹಲಸು, ಹೊಂಗೆಯಂಥ ನಮ್ಮ ಮಳೆಗೇ ಹೊಂದಿದ ಮರಗಳು. ಆಳು ಸಿಕ್ಕಷ್ಟು ಜಾಗದಲ್ಲಿ ರಾಗಿ. ಇದರಿಂದ ಬರುವ ಆದಾಯ ಏಜೆಂಟರ ಕಾಗದದಲ್ಲಿರುವಷ್ಟು ಇರುವುದಿಲ್ಲ. ಆದರೆ ಬಾವಿ ಬತ್ತಿದರೂ, ದರ ಬಿದ್ದರೂ ತಂದೆ ನಿದ್ದೆಗೆಡುವಂತಾಗುವುದಿಲ್ಲ.

ಕಚೇರಿ ಕೆಲಸ ಎರಡು. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಹೆಸರು ನೋಂದಾಯಿಸಿ ಸಸಿ ಪಡೆದರೆ, ಬದುಕಿ ಉಳಿದ ಸಸಿಗಳಿಗೆ ಮೊದಲ ಮೂರು ವರ್ಷ ಪ್ರೋತ್ಸಾಹಧನ ಸಿಗುತ್ತದೆ. ನೆಟ್ಟ ಮೇಲೆ ಮರಗಳನ್ನು ಪಹಣಿಯಲ್ಲಿ ದಾಖಲಿಸಿ. ಕಡಿಯುವ, ಸಾಗಿಸುವ ಕಾಲಕ್ಕೆ ಜಾರಿಯಲ್ಲಿರುವ ನಿಯಮವನ್ನು ವಲಯ ಅರಣ್ಯ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ. ‘ಇದಕ್ಕೆ ಯಾವ ಪರವಾನಗಿಯೂ ಬೇಡ’ ಎಂಬ ಬಾಯಿಮಾತು ಚೆಕ್‌ಪೋಸ್ಟಿನಲ್ಲಿ ನಡೆಯುವುದಿಲ್ಲ.

ತಂದೆಗೆ ಇದನ್ನೆಲ್ಲ ಓದಿ ಹೇಳಿದರೆ ಅವರು ಒಪ್ಪಲಿಕ್ಕಿಲ್ಲ. ನಂಬಿದ ಮೇಲೆ ಬೇರೆಯವರ ಲೆಕ್ಕ ಕಿವಿಗೆ ಇಳಿಯುವುದಿಲ್ಲ. ಆದ್ದರಿಂದ ಹೀಗೆ ಮಾಡಿ. ಏಜೆಂಟರು ತಾವೇ ಹಾಕಿಸಿದ ಆರು ವರ್ಷದ ತೋಪೊಂದನ್ನು ತೋರಿಸಲಿ, ಕಡೂರು, ತರೀಕೆರೆ, ಅರಸೀಕೆರೆ ಸುತ್ತಲದ್ದೇ ಆಗಬೇಕು. ತಂದೆಯನ್ನೂ ಕರೆದುಕೊಂಡು ಹೋಗಿ. ದಾರಿ ಪಕ್ಕದ ಮೊದಲ ಸಾಲನ್ನು ಬಿಟ್ಟು ತೋಪಿನ ನಡುವಿನ ಹತ್ತು ಮರಗಳನ್ನು ನೀವೇ ಆರಿಸಿ. ಏಣಿ ಹಾಕಿ, ಹತ್ತಡಿ ಎತ್ತರದಲ್ಲಿ ಟೇಪು ಸುತ್ತಿ, ಅಳತೆಯನ್ನು ತಂದೆಯ ಕೈಯಿಂದಲೇ ಬರೆಸಿ. 48 ಅಂಗುಲ ಬಂದರೆ ನನಗೂ ಒಂದು ಕಾಗದ ಹಾಕಿ, ಆ ತೋಪು ನೋಡಲು ನಾನೂ ಬರುತ್ತೇನೆ.